ಕಾಡಂಚಿನ ಗ್ರಾಮಗಳಲ್ಲಿ ಕಾಳ್ಗಿಚ್ಚು ನಿಯಂತ್ರಣ ತಂಡದ ಪೂರ್ವಸಿದ್ಧತೆ

ರಾಜ್ಯದ ಎಲೆ ಉದುರುವ ಕಾಡುಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಳ್ಗಿಚ್ಚಿನ ಅಪಾಯ ಅಧಿಕ. ಒಣಹುಲ್ಲು, ತರಗೆಲೆ ಹಾಗೂ ಲಂಟಾನ ಪೊದೆಗಳಿಗೆ ತಗುಲಿದ ಬೆಂಕಿಯ ಕಿಡಿಗಳು ಗಾಳಿಯಲ್ಲಿ ತೇಲಿ ಬೆಂಕಿರೇಖೆಯನ್ನೂ ದಾಟಬಲ್ಲವು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಅರಣ್ಯ ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್‌ಗಳಿಂದ ನೀರು ಸುರಿಯಬೇಕಾಯಿತು. 2017ರಲ್ಲಿ ಅಲ್ಲಿಯೇ ಬೆಂಕಿ ನಂದಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಆದ್ದರಿಂದ ತಂಡದ ಮೊದಲ ಗುರಿ ಎಲ್ಲರೂ ಸುರಕ್ಷಿತವಾಗಿ ಹಿಂದಿರುಗುವುದೇ ಆಗಿರಬೇಕು.

ಬೆಂಕಿಯ ನಡೆ

ಗಾಳಿಯ ದಿಕ್ಕಿಗೆ ಮುನ್ನುಗ್ಗುವ ಭಾಗವನ್ನು ಬೆಂಕಿಯ ಮುಖವೆಂದೂ ಬದಿಗಳನ್ನು ಪಾರ್ಶ್ವಗಳೆಂದೂ ಕರೆಯುತ್ತಾರೆ. ಗಾಳಿ ತಿರುಗಿದರೆ ನಿಧಾನವಾಗಿದ್ದ ಪಾರ್ಶ್ವವೇ ಕ್ಷಣಮಾತ್ರದಲ್ಲಿ ಮುಖವಾಗುತ್ತದೆ. ಇಳಿಜಾರಿನಲ್ಲಿ ಬೆಂಕಿಯು ಕೆಳಗಿನಿಂದ ಮೇಲಕ್ಕೆ ಅತಿವೇಗವಾಗಿ ಏರುತ್ತದೆ.

ಬೇಸಿಗೆಗೆ ಮುನ್ನ

1. ಅರಣ್ಯ ಇಲಾಖೆಯ ಮಾರ್ಗದರ್ಶನದಲ್ಲಿ ತಂಡ ರಚಿಸಿ, ಒಬ್ಬ ನಾಯಕನನ್ನು ನೇಮಿಸಿರಿ.
2. ಕಾಡುದಾರಿ, ಕೆರೆಕಟ್ಟೆ ಹಾಗೂ ಬಂಡೆಬಯಲುಗಳನ್ನು ಗುರುತಿಸಿದ ನಕ್ಷೆ ಸಿದ್ಧಪಡಿಸಿರಿ.
3. ಕುಡುಗೋಲು, ಗುದ್ದಲಿ, ಸಲಿಕೆ, ಬೆನ್ನಿಗೆ ಕಟ್ಟುವ ನೀರಿನ ಪಂಪು ಹಾಗೂ ಟಾರ್ಚ್‌ಗಳನ್ನು ಪರೀಕ್ಷಿಸಿಡಿರಿ.
4. ಪ್ರತಿಯೊಬ್ಬರಿಗೂ ಉದ್ದ ತೋಳಿನ ಹತ್ತಿಬಟ್ಟೆ ಹಾಗೂ ಚರ್ಮದ ಬೂಟು ಇರಲಿ. ನೈಲಾನ್ ಬಟ್ಟೆಯು ಕರಗಿ ಮೈಗೆ ಅಂಟುವುದರಿಂದ ಅದನ್ನು ಧರಿಸಕೂಡದು.
5. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಉಪಗ್ರಹ ಆಧಾರಿತ ಬೆಂಕಿ ಎಚ್ಚರಿಕೆ ಸಂದೇಶಗಳಿಗೆ ಮೊಬೈಲ್ ಸಂಖ್ಯೆ ನೋಂದಾಯಿಸಿರಿ.

ಬೆಂಕಿಯ ಸ್ಥಳದಲ್ಲಿ

ಕೆಲಸ ಆರಂಭಿಸುವ ಮೊದಲು ನಾಲ್ಕು ವ್ಯವಸ್ಥೆಗಳಿರಲೇಬೇಕು: ಎತ್ತರದಲ್ಲಿ ನಿಂತು ಗಾಳಿ ಹಾಗೂ ಹೊಗೆಯನ್ನು ಗಮನಿಸುವ ಕಾವಲುಗಾರ, ಆತನೊಡನೆ ನಿರಂತರ ಸಂಪರ್ಕ, ಹಿಂದಿರುಗಲು ಎರಡು ದಾರಿಗಳು, ಪೂರ್ಣ ಸುಟ್ಟು ತಣ್ಣಗಾದ ನೆಲ ಅಥವಾ ವಿಶಾಲ ಬಯಲಿನಂತಹ ಸುರಕ್ಷಿತ ತಾಣ. ಇವುಗಳಲ್ಲಿ ಒಂದಿಲ್ಲದಿದ್ದರೂ ಮುಂದುವರಿಯಬಾರದು.

ಬೆಂಕಿಯ ಮುಖಕ್ಕೆ ಎದುರಾಗಿ ನಿಲ್ಲದಿರಿ. ಹಿಂಭಾಗದಿಂದ ಆರಂಭಿಸಿ, ಸುಟ್ಟ ನೆಲವನ್ನು ಬೆನ್ನಿಗಿಟ್ಟುಕೊಂಡು, ಪಾರ್ಶ್ವಗಳನ್ನು ಹಸಿಸೊಪ್ಪಿನಿಂದ ಬಡಿಯುತ್ತಾ ಸಾಗಿರಿ. ಜ್ವಾಲೆ ಆಳೆತ್ತರಕ್ಕೆ ಏರಿದರೆ ಹಿಂದೆ ಸರಿದು, ಮುಂದಿನ ಬೆಂಕಿರೇಖೆಯನ್ನು ಅಗಲಗೊಳಿಸುವುದು ಉತ್ತಮ. ಎದುರುಬೆಂಕಿ ಹಚ್ಚುವ ನಿರ್ಧಾರವನ್ನು ಅರಣ್ಯಾಧಿಕಾರಿಗಳಿಗೆ ಬಿಡಿರಿ. ಬೆಂಕಿ ಆರಿದ ಬಳಿಕವೂ ಮರದ ಬೊಡ್ಡೆಗಳಲ್ಲಿ ಕೆಂಡ ಉಳಿದಿರುತ್ತದೆ. ಮರುದಿನ ಗಾಳಿ ಏಳುವ ಮುನ್ನ ಪುನಃ ಪರಿಶೀಲಿಸಿರಿ.

ರೈತರಿಗೆ ಸಲಹೆ

ಹೊಲದ ಕೂಳೆ ಹಾಗೂ ಕಬ್ಬಿನ ರವದಿಯನ್ನು ಸುಡದೆ ಹೊದಿಕೆಯಾಗಿ ಅಥವಾ ಗೊಬ್ಬರವಾಗಿ ಬಳಸಿರಿ. ಕಾಡಿಗೆ ತಾಗಿದ ಬದುವಿನ ಒಣಹುಲ್ಲನ್ನು ಜನವರಿಯೊಳಗೆ ಕೊಯ್ದು ತೆಗೆಯಿರಿ. ಹೊಗೆ ಕಂಡೊಡನೆ ಸಮೀಪದ ಅರಣ್ಯ ಕಚೇರಿಗೆ ಅಥವಾ 112ಕ್ಕೆ ಕರೆಮಾಡಿ, ಸ್ಥಳ ಹಾಗೂ ಗಾಳಿಯ ದಿಕ್ಕನ್ನು ತಿಳಿಸಿರಿ.