ಮುಷ್ಕರ ತೋರಿಸಿಕೊಟ್ಟ ಬೆಟ್ಟಗಳು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ದೂರದ ಬೆಟ್ಟ ಕಣ್ಣಿಗೇ ಬೀಳದಂತಾದರೆ? ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿ ನಗರ ಟೂಸಾನ್ ಕಳೆದ ಶತಮಾನದ ನಡುಭಾಗದಲ್ಲಿ ಇಂಥ ಸ್ಥಿತಿಯತ್ತ ಮೆಲ್ಲಗೆ ಸಾಗಿತ್ತು. ಸುತ್ತಲಿನ ಬೆಟ್ಟಗಳು ವರ್ಷದಿಂದ ವರ್ಷಕ್ಕೆ ಮಸುಕಾಗುತ್ತಿದ್ದವು. ಮರುಭೂಮಿಯೆಂದ ಮೇಲೆ ದೂಳು ಇದ್ದದ್ದೇ ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭವಾಗಿತ್ತು. ಅದು ಬರೀ ದೂಳಲ್ಲ ಎಂಬುದಕ್ಕೆ ಸಾಕ್ಷಿ ಒದಗಿಸಿದ್ದು ಬೆಟ್ಟಗಳ ಯೋಚನೆಯೇ ಇಲ್ಲದ ಒಂದು ಕಾರ್ಮಿಕ ಮುಷ್ಕರ.

ಟೂಸಾನ್‌ಗೂ ಬೆಟ್ಟಕ್ಕೂ ಇರುವ ನಂಟು ಹೆಸರಿನಿಂದಲೇ ಶುರುವಾಗುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಓಧಮ್ ಜನರ ನುಡಿಯಲ್ಲಿ ಆ ಹೆಸರಿಗೆ ‘ಕಪ್ಪು ಬೆಟ್ಟದ ಬುಡ’ ಎಂಬ ಅರ್ಥವಿದೆ. ಉತ್ತರಕ್ಕೆ ಸಾಂತಾ ಕ್ಯಾಟಲೀನಾ, ಪೂರ್ವಕ್ಕೆ ರಿಂಕಾನ್, ದಕ್ಷಿಣಕ್ಕೆ ಸಾಂತಾ ರೀಟಾ, ಪಶ್ಚಿಮಕ್ಕೆ ಟೂಸಾನ್ ಬೆಟ್ಟಸಾಲು. ಇವುಗಳಾಚೆ ನೈರುತ್ಯ ದಿಗಂತದಲ್ಲಿ ಬಾಬೊಕಿವಾರಿ ಶಿಖರ. ಓಧಮ್ ಜನರ ಪಾಲಿಗೆ ಅದು ಅವರನ್ನು ಸೃಷ್ಟಿಸಿದ ಈಟೋಯ್ ದೈವದ ನೆಲೆ. 1880ರಲ್ಲಿ ರೈಲು ಬಂದ ಮೇಲೆ ಕ್ಷಯ, ಉಬ್ಬಸದ ರೋಗಿಗಳು ಒಣ ಹವೆಯನ್ನು ಅರಸಿ ಈ ಊರಿಗೆ ಬರತೊಡಗಿದರು. ಶುಭ್ರ ಗಾಳಿಯೇ ಊರಿನ ಹೆಗ್ಗಳಿಕೆಯಾಗಿತ್ತು.

ಬೆಟ್ಟ ಕಾಣದಂತಾಗುವುದೆಂದರೇನು? ಬೆಟ್ಟಕ್ಕೂ ಕಣ್ಣಿಗೂ ನಡುವಿನ ಗಾಳಿಯಲ್ಲಿ ತೇಲುವ ಕಣಗಳು ಸೂರ್ಯನ ಬೆಳಕನ್ನು ಚದುರಿಸುತ್ತವೆ. ಬೆಟ್ಟದಿಂದ ಬರಬೇಕಾದ ಬೆಳಕು ದಾರಿಯಲ್ಲೇ ಚೆಲ್ಲಿಹೋಗಿ, ಬೇರೆಡೆಯ ಬೆಳಕು ಬಂದು ಬೆರೆಯುತ್ತದೆ. ಆಗ ಕಣಿವೆ, ಕೋಡುಗಲ್ಲುಗಳೆಲ್ಲ ಒಂದೇ ಬಣ್ಣವಾಗುತ್ತವೆ. ಈ ಕೆಲಸದಲ್ಲಿ ದಪ್ಪ ದೂಳಿಗಿಂತ, ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದಾದ ಕಣಗಳೇ ಹೆಚ್ಚು ಸಮರ್ಥ. ಮರುಭೂಮಿಯ ಶುಭ್ರ ಗಾಳಿಯಲ್ಲಿ ನೂರಾರು ಕಿ.ಮೀ. ದೂರ ಕಾಣಬಲ್ಲದು. ಆದ್ದರಿಂದಲೇ ಅಲ್ಲಿ ಸ್ವಲ್ಪ ಹೊಗೆಯೂ ಬಿಳಿ ಪಂಚೆಯ ಮೇಲಿನ ಕಲೆಯಂತೆ ಎದ್ದು ಕಾಣುತ್ತದೆ.

ಅರಿಜೋನಾದಲ್ಲಿ ಆಗ ಅಂಥ ಕಣಗಳ ದೊಡ್ಡ ಮೂಲ ತಾಮ್ರವಾಗಿತ್ತು. ಅಲ್ಲಿನ ಅದಿರಿನಲ್ಲಿ ತಾಮ್ರ ಗಂಧಕದೊಡನೆ ಬೆರೆತಿರುತ್ತದೆ. ಅದಿರನ್ನು ಕುಲುಮೆಯಲ್ಲಿ ಕಾಸಿದಾಗ ಗಂಧಕ ಉರಿದು ಸಲ್ಫರ್ ಡೈ ಆಕ್ಸೈಡ್ ಅನಿಲವಾಗುತ್ತದೆ. ಸಾಮಾನ್ಯ ಅದಿರಾದ ಚಾಲ್ಕೊಪೈರೈಟ್‌ನಿಂದ ಒಂದು ಟನ್ ತಾಮ್ರ ತೆಗೆದರೆ ಸುಮಾರು ಎರಡು ಟನ್ ಅನಿಲ ಹೊರಬೀಳುತ್ತದೆ. ಗಾಳಿಯಲ್ಲಿ ಸಾಗುತ್ತ ಅದು ಸಲ್ಫೇಟ್ ಎಂಬ ಅತಿಸಣ್ಣ ಕಣಗಳಾಗುತ್ತದೆ. ಡಗ್ಲಸ್, ಮೊರೆನ್ಸಿ, ಆಹೊ, ಹೇಡನ್ ಮೊದಲಾದ ಊರುಗಳಲ್ಲಿ ಇಂಥ ಕುಲುಮೆಗಳಿದ್ದವು. 1956ರಲ್ಲಿ ಕ್ಯಾಟಲೀನಾ ಬೆಟ್ಟಗಳ ಆಚೆಯ ಸ್ಯಾನ್ ಮ್ಯಾನ್ಯುಯೆಲ್‌ನಲ್ಲಿ ಇನ್ನೊಂದು ಹೊತ್ತಿಕೊಂಡಿತು.

1967ರ ಜುಲೈನಲ್ಲಿ ದೇಶದ ತಾಮ್ರ ಕಾರ್ಮಿಕರು ಕೂಲಿ ಮತ್ತು ಒಪ್ಪಂದದ ಶರತ್ತುಗಳಿಗಾಗಿ ಕೆಲಸ ನಿಲ್ಲಿಸಿದರು. ಅರಿಜೋನಾದಿಂದ ಮೊಂಟಾನಾವರೆಗೆ ಗಣಿಗಳೂ ಕುಲುಮೆಗಳೂ ಸ್ತಬ್ಧವಾದವು. ಏಳು ತಿಂಗಳು ದಾಟಿದರೂ ಇತ್ಯರ್ಥವಾಗದೆ, ಕೊನೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಉಭಯ ಪಕ್ಷಗಳನ್ನೂ ಶ್ವೇತಭವನಕ್ಕೆ ಕರೆಸಿಕೊಂಡರು. 1968ರ ಮಾರ್ಚ್ ಕೊನೆಯ ವೇಳೆಗೆ ಮುಷ್ಕರ ಮುಗಿಯುತ್ತ ಬಂತು.

ಆ ತಿಂಗಳುಗಳಲ್ಲಿ ಗಾಳಿಗೆ ಏನಾಯಿತೆಂಬ ದಾಖಲೆ ವಿಮಾನ ನಿಲ್ದಾಣಗಳಲ್ಲಿತ್ತು. ಅಲ್ಲಿನ ಹವಾಮಾನ ಸಿಬ್ಬಂದಿ ಸುತ್ತಲೂ ಕಣ್ಣಾಡಿಸಿ, ಗೊತ್ತಾದ ದೂರದಲ್ಲಿರುವ ಯಾವ ಬೆಟ್ಟ ಕಾಣುತ್ತದೆ, ಯಾವುದು ಕಾಣದು ಎಂದು ನಿತ್ಯವೂ ಬರೆದಿಡುತ್ತಿದ್ದರು. ವಿಮಾನಗಳಿಗಾಗಿ ಬರೆದ ಈ ಲೆಕ್ಕವನ್ನು 1970ರ ದಶಕದಲ್ಲಿ ಜಾನ್ ಟ್ರೈಜೋನಿಸ್ ಎಂಬ ಸಂಶೋಧಕ ಮತ್ತು ಸಂಗಡಿಗರು ಕೆದಕಿ ನೋಡಿದರು. ಮುಷ್ಕರದ ಕಾಲದಲ್ಲಿ ಟೂಸಾನ್, ಫೀನಿಕ್ಸ್‌ಗಳಲ್ಲಿ ಸಲ್ಫೇಟ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ದೂರದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲೂ ಕಡಿಮೆಯಾಗಿತ್ತು. ಅದೇ ಅವಧಿಯಲ್ಲಿ ನೋಟ ನಿಚ್ಚಳವಾಗಿತ್ತು. ಕುಲುಮೆಗಳಿಗೆ ಹತ್ತಿರವಿದ್ದ ಕಡೆ ಹೆಚ್ಚಾಗಿಯೇ. ಮೋಟಾರು ವಾಹನ, ರಸ್ತೆಯ ದೂಳು ಮೊದಲಿನಂತೆಯೇ ಇದ್ದಾಗ ನಿಂತದ್ದು ಕುಲುಮೆ ಮಾತ್ರ. ಯಾವ ವಿಜ್ಞಾನಿಯೂ ಮಾಡಿಸಲಾಗದಿದ್ದ ಪ್ರಯೋಗವನ್ನು ಮುಷ್ಕರ ತಾನಾಗಿ ಮಾಡಿತ್ತು.

1977ರಲ್ಲಿ ಅಮೆರಿಕದ ಸಂಸತ್ತು ಶುದ್ಧ ಗಾಳಿ ಕಾಯಿದೆಗೆ ತಿದ್ದುಪಡಿ ತಂದು, ದೊಡ್ಡ ರಾಷ್ಟ್ರೀಯ ಉದ್ಯಾನ ಮತ್ತು ಕಾಡುಗಳಲ್ಲಿ ಮನುಷ್ಯರಿಂದಾದ ಮಸುಕನ್ನು ನಿವಾರಿಸುವುದು ರಾಷ್ಟ್ರದ ಗುರಿ ಎಂದು ಸಾರಿತು. ಇಂಥ 156 ತಾಣಗಳಲ್ಲಿ ಟೂಸಾನ್‌ನ ಮಗ್ಗುಲಿನ ಸಗ್ವಾರೊ ಕಳ್ಳಿಗಾಡೂ ಒಂದು. ಆರೋಗ್ಯ ಕೆಡದಿದ್ದರೂ ನೋಟ ಕೆಟ್ಟರೆ ಅದೂ ನಷ್ಟವೇ ಎಂದು ಕಾನೂನು ಒಪ್ಪಿಕೊಂಡಂತಾಯಿತು. ಸಹಜ ಸ್ಥಿತಿಗೆ ಮರಳಲು 1999ರ ನಿಯಮವೊಂದು 2064ರ ಗಡುವು ಹಾಕಿತು.

ಬೆಟ್ಟ ತಿಳಿಯಾದದ್ದು ಪುಕ್ಕಟೆಯಾಗಿ ಅಲ್ಲ. ಕೆಲವು ಕಂಪೆನಿಗಳು ಅನಿಲವನ್ನು ಹಿಡಿದು ಗಂಧಕಾಮ್ಲ ಮಾಡುವ ಘಟಕ ಕಟ್ಟಿದವು. ಮತ್ತೆ ಕೆಲವು ಕಡೆ ತಾಮ್ರದ ಬೆಲೆ ಕುಸಿದು, ನಿಯಮವೂ ಬಿಗಿಯಾಗಿ ಕುಲುಮೆಗಳೇ ಆರಿದವು. ಮೆಕ್ಸಿಕೊ ಗಡಿಯ ಡಗ್ಲಸ್ ಕುಲುಮೆ 1987ರ ಜನವರಿಯಲ್ಲಿ ಮುಚ್ಚಿತು. ಸ್ಯಾನ್ ಮ್ಯಾನ್ಯುಯೆಲ್‌ನ ಎತ್ತರದ ಹೊಗೆಗೊಳವೆಗಳನ್ನು 2007ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ನಗರದವರಿಗೆ ಬೆಟ್ಟ ದಕ್ಕಿದ ವರ್ಷಗಳಲ್ಲೇ ಕುಲುಮೆಯೂರುಗಳ ಜನ ಅನ್ನದ ದಾರಿ ಕಳೆದುಕೊಂಡರು.

ಈಗಲೂ ವಾಹನದ ಹೊಗೆ, ದೂಳು, ಕಾಳ್ಗಿಚ್ಚುಗಳು ಟೂಸಾನ್‌ನ ನೋಟವನ್ನು ಆಗಾಗ ಮುಚ್ಚುವುದುಂಟು. ಆದರೆ ಮಬ್ಬು ಕವಿದಾಗ ಅದು ಮರುಭೂಮಿಯ ಗುಣವೆಂದು ಸುಮ್ಮನಿರುವ ಕಾಲ ಹೋಯಿತು. ಹೊಗೆ ಎಲ್ಲಿಯದು ಎಂದು ಕೇಳುವುದನ್ನು ಆ ಊರಿಗೆ ಕಲಿಸಿದವರು, ಬರೀ ಕೂಲಿಗಾಗಿ ಕುಲುಮೆ ಆರಿಸಿ ಹೊರಗೆ ಬಂದ ಕಾರ್ಮಿಕರು.