ಎಕ್ಕದ ದಾಯಾದಿ



ಬದುವಿನ ಮೇಲಿನ ಎಕ್ಕದ ಗಿಡವನ್ನು ನೀವೆಲ್ಲ ಬಲ್ಲಿರಿ. ಕಾಯಿ ಒಣಗಿ ಬಿರಿದರೆ ಒಳಗಿನ ಬಿಳಿ ಅರಳೆ ಬೀಜವನ್ನು ಹೊತ್ತು ಹಾರುತ್ತದೆ. ಚಿಕ್ಕಂದಿನಲ್ಲಿ ಅದನ್ನು ಊದಿ ಹಾರಿಸದವರು ನಮ್ಮಲ್ಲಿ ಯಾರಿದ್ದಾರೆ? ಇದರ ದಾಯಾದಿ ಗಿಡವೊಂದು ಅಮೆರಿಕದಲ್ಲಿದೆ. ಮುರಿದರೆ ಹಾಲು ಸುರಿಯುವುದರಿಂದ ಅಲ್ಲಿಯವರು ಅದಕ್ಕೆ ಮಿಲ್ಕ್‌ವೀಡ್, ಅಂದರೆ ಹಾಲುಕಳೆ ಅಂತಾರೆ. ದನ ತಿಂದರೆ ವಿಷ. ರೈತರಿಗೆ ಅದನ್ನು ಕಂಡರಾಗದು. ಆ ಕಳೆಯ ಕಾಯನ್ನೇ ಎರಡನೆಯ ಮಹಾಯುದ್ಧದಲ್ಲಿ ಮಕ್ಕಳು ಚೀಲಗಟ್ಟಲೆ ಕೊಯ್ದರು.

ಹಡಗಿನವರು ನೀರಿಗೆ ಬಿದ್ದರೆ ಮುಳುಗದಂತೆ ತೊಡುವ ಅಂಗಿಗೆ ಆಗ ಬೂರುಗದ ಜಾತಿಯ ಅರಳೆ ತುಂಬುತ್ತಿದ್ದರು. ಅದು ಬರುತ್ತಿದ್ದುದು ಜಾವಾ ದ್ವೀಪದಿಂದ. 1942ರಲ್ಲಿ ಜಪಾನು ಜಾವಾವನ್ನು ಹಿಡಿಯಿತು, ಅರಳೆ ನಿಂತಿತು. ಷಿಕಾಗೋದ ವೈದ್ಯ ಬೋರಿಸ್ ಬರ್ಕ್‌ಮನ್ ಎಂಬವರು ಈ ಕಳೆಯ ಅರಳೆ ಆದೀತು ಎಂದರು. ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ; ಸುಲಭಕ್ಕೆ ನೀರು ಹಿಡಿಯದು. ಮಿಷಿಗನ್ ಸಂಸ್ಥಾನದ ಪೆಟೊಸ್ಕಿಯಲ್ಲಿ ಅರಳೆ ಬಿಡಿಸುವ ಕಾರ್ಖಾನೆ ಎದ್ದಿತು.

ಕಾಯಿ ತರುವವರು ಯಾರು? ಇದು ಬಿತ್ತಿದ ಬೆಳೆಯಲ್ಲ. ಬಿತ್ತಿ ಕಾಯಿ ಕಟ್ಟುವ ತನಕ ಯುದ್ಧ ಕಾಯುತ್ತದೆಯೆ? ರಸ್ತೆಯಂಚಿನಲ್ಲಿ, ಬೇಲಿಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ನಿಂತ ಗಿಡವನ್ನು ಯಂತ್ರ ಕೊಯ್ಯಲಾರದು. ದೊಡ್ಡವರಿಗೋ ರಣರಂಗ, ಕಾರ್ಖಾನೆ, ಹೊಲ. ಹಾಗಾಗಿ 1944ರ ಸುಗ್ಗಿಯಲ್ಲಿ ಕರೆ ಹೋದದ್ದು ಶಾಲೆಗಳಿಗೆ: ಎರಡು ಚೀಲ ಕಾಯಿ ಒಂದು ಜೀವ ಉಳಿಸುತ್ತದೆ ಅಂತ.

ಕೊಯ್ಲಿನ ಕ್ರಮ ನೋಡಿ, ನಮ್ಮ ಯಾವ ಬೆಳೆಗೂ ಕಡಿಮೆಯಿಲ್ಲ. ಮೊದಲು ಒಂದು ಕಾಯಿ ಒಡೆದು ನೋಡಬೇಕು. ಬೀಜ ಕಂದುಬಣ್ಣಕ್ಕೆ ತಿರುಗಿದ್ದರೆ ಹದ, ಬೆಳ್ಳಗಿದ್ದರೆ ಬಿಡಬೇಕು. ತಡಮಾಡಿದಿರೋ, ಕಾಯಿ ಬಿರಿದು ಅರಳೆ ಗಾಳಿಪಾಲು. ಹಸಿಕಾಯನ್ನು ರಾಶಿ ಹಾಕಿದರೆ ಬೂಷ್ಟು. ಅದಕ್ಕೇ ಈರುಳ್ಳಿಯ ಬಲೆಚೀಲಗಳಲ್ಲಿ ತುಂಬಿ, ಬೇಲಿಯ ತಂತಿಗೆ ತೂಗುಹಾಕಿ ಒಣಗಿಸಿದರು. ಕೈಗೆಲ್ಲ ಅಂಟುಹಾಲು. ಚೀಲಕ್ಕೆ ಕೆಲವು ಸೆಂಟು ಕಾಸು ಸಿಕ್ಕಿತು, ನಿಜ. ಆದರೆ ಅಣ್ಣನೋ ಚಿಕ್ಕಪ್ಪನೋ ಹಡಗಿನಲ್ಲಿದ್ದ ಮಗುವಿಗೆ ಆ ಎರಡು ಚೀಲ ಬರಿಯ ಕಾಸಿನ ಲೆಕ್ಕವಾಗಿರಲಾರದು.

1945ರಲ್ಲಿ ಯುದ್ಧ ಮುಗಿಯಿತು, ಕಾರ್ಖಾನೆ ಮುಚ್ಚಿತು, ಗಿಡ ಮತ್ತೆ ಕಳೆಯಾಯಿತು. ಕಳೆ ಕೀಳಿರಿ ಅಂತ ಹೇಳುವುದೇ ನನ್ನ ಉದ್ಯೋಗ, ಆದರೂ ಇದನ್ನು ಹೇಳಬೇಕು. ಮುಂದೆ ಕಳೆನಾಶಕಗಳು ಬಂದು ಮುಸುಕಿನ ಜೋಳ, ಸೋಯಾ ಹೊಲಗಳಿಂದ ಅದು ಬಹುಮಟ್ಟಿಗೆ ಮಾಯವಾಯಿತು. ಮೊನಾರ್ಕ್ ಎಂಬ ಚಿಟ್ಟೆಯ ಹುಳು ಅದರ ಎಲೆಯನ್ನೇ ನಂಬಿದ್ದು; ಗಿಡ ಹೋದಂತೆ ಚಿಟ್ಟೆಯೂ ಕಡಿಮೆಯಾಯಿತು. ಈಗ ಅಲ್ಲಿ ಎಷ್ಟೋ ಶಾಲೆಗಳ ಅಂಗಳದಲ್ಲಿ ಮಕ್ಕಳು ಆ ಗಿಡದ ಬೀಜ ಬಿತ್ತುತ್ತಿದ್ದಾರೆ.