ಆಡಿನ ಹಿಕ್ಕೆ ಮತ್ತು ಎರೆಹೊಲ: ಪಶುಪಾಲನೆಯ ಕಾಯಕ ಕುರಿತು ಒಂದು ಚಾರಿತ್ರಿಕ ನೋಟ

ಶರಣರ ಚರಿತ್ರೆಗಳಲ್ಲಿ ವೀರಗೊಲ್ಲಾಳನ ಕಥೆಯನ್ನು ಅರಿಯದ ಭಕ್ತರು ವಿರಳ. ಕುರಿ ಆಡುಗಳನ್ನು ಕಾಯುತ್ತಿದ್ದ ಆ ಮುಗ್ಧನು ಆಡಿನ ಹಿಕ್ಕೆಯನ್ನೇ ಲಿಂಗವೆಂದು ನಂಬಿದನು. ಹಿಂಡಿನ ಹಾಲನ್ನು ಅದಕ್ಕೆರೆದು ಪೂಜಿಸಿದನು. ಹಾಲು ಹಾಳಾಯಿತೆಂದು ಸಿಟ್ಟಾದ ತಂದೆಯ ಎದುರಿನಲ್ಲಿಯೂ ತನ್ನ ನಿಷ್ಠೆಯನ್ನು ಬಿಡಲಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಕಾಟಕೋಟನೆಂಬ ಹೆಸರಿನಲ್ಲಿ ಬರುವ ಈ ಭಕ್ತನ ಕಥೆಯು, 1369ರಲ್ಲಿ ಭೀಮಕವಿಯು ಆ ಕೃತಿಯನ್ನು ಕನ್ನಡಕ್ಕೆ ತಂದ ಮೇಲೆ ನಮ್ಮ ನಾಡಿನ ಮನೆಮಾತಾಯಿತು. 'ವೀರಬೀರೇಶ್ವರಲಿಂಗ' ಎಂಬ ಅಂಕಿತದ ಕೆಲವು ವಚನಗಳೂ ಈತನ ಹೆಸರಿನಲ್ಲಿ ಉಳಿದಿವೆ. ವಿಜಯಪುರ ಜಿಲ್ಲೆಯ ಗೋಲಗೇರಿಯಲ್ಲಿ ಗೊಲ್ಲಾಳೇಶ್ವರನ ದೇವಾಲಯವಿದೆ.

ಈ ಕಥೆಯನ್ನು ವಿವರಿಸುವವರು ಸಾಮಾನ್ಯವಾಗಿ ಒಂದೇ ಮಾತನ್ನು ಹೇಳುತ್ತಾರೆ: ಹಿಕ್ಕೆಯಂತಹ ಕೀಳು ವಸ್ತುವೂ ಭಕ್ತಿಯ ಬಲದಿಂದ ಲಿಂಗವಾಯಿತು ಎಂದು. ಭಕ್ತಿಯ ದೃಷ್ಟಿಯಿಂದ ಅದು ನಿಜವೇ. ಆದರೆ ಹಿಕ್ಕೆಯು ಕೀಳು ವಸ್ತುವೆಂಬ ಎಣಿಕೆ ಯಾರದು ಎಂಬುದನ್ನು ವಿಚಾರಿಸಬೇಕು. ಅಗ್ರಹಾರದ ಜಗುಲಿಯಲ್ಲಿ ಕುಳಿತವನಿಗೆ ಅದು ಕಸವಾಗಿ ಕಂಡೀತು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನಷ್ಟೇ ಕಾಣುವ ಆ ಸೀಮೆಯ ಒಕ್ಕಲಿಗನಿಗೆ ಎಂದೂ ಹಾಗೆ ಕಂಡಿಲ್ಲ. ನೀರಾವರಿಯಿಲ್ಲದ ಎರೆಭೂಮಿಯಲ್ಲಿ ಹಿಂಗಾರಿನ ಬಿಳಿಜೋಳವನ್ನೂ ಕಡಲೆಯನ್ನೂ ಬೆಳೆಯುವವನಿಗೆ ಮುಂದಿನ ವರ್ಷದ ರೊಟ್ಟಿಯು ಆ ಕಪ್ಪು ಗುಳಿಗೆಗಳಲ್ಲಿಯೇ ಅಡಗಿದೆ.

ಇದು ಬರಿಯ ಭಾವನೆಯ ಮಾತಲ್ಲ. ಕೃಷಿ ವಿಜ್ಞಾನದ ಲೆಕ್ಕದಂತೆ ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವು ಶೇಕಡಾ 0.5ರಷ್ಟಿದ್ದರೆ, ಆಡು ಕುರಿಗಳ ಗೊಬ್ಬರದಲ್ಲಿ ಅದು ಸುಮಾರು ಶೇಕಡಾ 3. ರಂಜಕ ಮತ್ತು ಪೊಟ್ಯಾಷ್‌ಗಳೂ ಹೆಚ್ಚು. ಆದುದರಿಂದಲೇ ಉತ್ತರ ಕರ್ನಾಟಕದ ರೈತರು ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬುವ ಪದ್ಧತಿಯನ್ನು ಬೆಳೆಸಿಕೊಂಡು ಬಂದರು. ಹಗಲು ಬಯಲಿನಲ್ಲಿ ಮೇದ ಹಿಂಡು ರಾತ್ರಿ ಹೊಲದಲ್ಲಿ ತಂಗುತ್ತದೆ. ಮರುರಾತ್ರಿ ತಂಗುವ ಜಾಗವನ್ನು ಸರಿಸುತ್ತಾರೆ. ಹೀಗೆ ಕೆಲವು ರಾತ್ರಿಗಳಲ್ಲಿ ಹೊಲವೆಲ್ಲ ತುಂಬುತ್ತದೆ. ದೊಡ್ಡಿಯಲ್ಲಿ ಇಂಗಿ ವ್ಯರ್ಥವಾಗುವ ಗಂಜಳವು ಇಲ್ಲಿ ನೇರವಾಗಿ ಮಣ್ಣಿಗೆ ಸೇರುತ್ತದೆ. ಗೊಬ್ಬರ ಹೇರುವ ಬಂಡಿಯ ಖರ್ಚಿಲ್ಲ. ಒಣಗಿ ಹೋಗುವ ಮೊದಲೇ ಕುಂಟೆ ಹೊಡೆದು ಹಿಕ್ಕೆಯನ್ನು ಮೇಲುಮಣ್ಣಿನಲ್ಲಿ ಮುಚ್ಚುವುದೊಂದೇ ಒಕ್ಕಲಿಗನ ಕೆಲಸ. ಕುರಿಗಾಹಿಗೆ ಪ್ರತಿಯಾಗಿ ಜೋಳವೋ ಹಣವೋ ಊಟವೋ ಸಲ್ಲುತ್ತಿತ್ತು. ಹೊಲವಿಲ್ಲದವನ ಹಿಂಡು ಹೊಲವಿದ್ದವನ ಭೂಮಿಯನ್ನು ಪೋಷಿಸುತ್ತಿತ್ತೆಂದರೆ, ಅಲ್ಲಿ ಕೊಡುವವನಾರು, ಬೇಡುವವನಾರು?

ಆಡು, ಕುರಿ, ಹಸು ಈ ಮೂರನ್ನೂ ಸಣ್ಣ ಹಿಡುವಳಿಯವನು ಒಟ್ಟಿಗೆ ಸಾಕುವುದರ ಹಿಂದೆಯೂ ತಿಳಿವಳಿಕೆಯುಂಟು. ಹಸು ಎತ್ತುಗಳು ಎತ್ತರದ ಹುಲ್ಲನ್ನು ನಾಲಗೆಯಿಂದ ಸುತ್ತಿ ಕೀಳುತ್ತವೆ. ಮನೆಯಲ್ಲಿ ಜೋಳದ ಕಣಿಕೆಯೇ ಅವುಗಳಿಗೆ ಆಧಾರ. ಕುರಿಯು ತಲೆ ತಗ್ಗಿಸಿ ನೆಲಕ್ಕಂಟಿದ ಗರಿಕೆಯನ್ನು ಮೇಯುತ್ತದೆ. ಆಡು ಮಾತ್ರ ತಲೆಯೆತ್ತಿ ಮೇಯುವ ಪ್ರಾಣಿ. ಮುಂಗಾಲುಗಳನ್ನು ಕೊಂಬೆಗೆ ಊರಿ, ಜಾಲಿಯ ಮುಳ್ಳಿನ ನಡುವಿನಿಂದಲೂ ತುಟಿಯ ಚಾತುರ್ಯದಿಂದ ಎಲೆಯನ್ನಾರಿಸುತ್ತದೆ. 'ಆಡು ಮುಟ್ಟದ ಸೊಪ್ಪಿಲ್ಲ' ಎಂಬ ಗಾದೆಯನ್ನು ಜನರು ಅದರ ಹೊಟ್ಟೆಬಾಕತನಕ್ಕೆ ಹೇಳುತ್ತಾರೆ. ಗಮನಿಸಿದರೆ ಅದು ಒಂದೆಡೆ ನಿಂತು ಹೊಟ್ಟೆ ತುಂಬುವ ಪ್ರಾಣಿಯಲ್ಲ, ಬೇವು, ಹುಣಸೆ, ಬಾರೆ, ಬನ್ನಿ ಎಂದು ಹತ್ತು ಕಡೆ ಬಾಯಾಡಿಸುತ್ತದೆ. ನೆಲಕ್ಕೆ ಬಿದ್ದು ಕೊಳೆಯಾದ ಮೇವನ್ನು ಮೂಸಿ ಬಿಡುತ್ತದೆ. ಆದುದರಿಂದ ಮನೆಯಲ್ಲಿ ಸಾಕುವವರು ಸೊಪ್ಪಿನ ಕಟ್ಟನ್ನು ಎತ್ತರಕ್ಕೆ ತೂಗುಹಾಕುತ್ತಾರೆ.

ಆಡಿಗೆ ಅದರ ತೂಕದ ಶೇಕಡಾ 3ರಿಂದ 4ರಷ್ಟು ಒಣ ಅಂಶದ ಮೇವು ದಿನವೂ ಬೇಕು. ಎಂದರೆ 25 ಕಿಲೋ ತೂಗುವ ಆಡಿಗೆ ಸುಮಾರು ಒಂದು ಕಿಲೋ. ಹಸಿಸೊಪ್ಪಿನಲ್ಲಿ ನೀರೇ ಹೆಚ್ಚಾದುದರಿಂದ ಅದರ ಹಲವು ಪಟ್ಟು ಸೊಪ್ಪು ಬೇಕಾಗುತ್ತದೆ. ತೊಗರಿ ಕಡಲೆಗಳ ಹೊಟ್ಟು ಬೇಸಿಗೆಯ ಕೊರತೆಯನ್ನು ತುಂಬುತ್ತದೆ. ಆದರೆ ಕಾಳನ್ನು ಒಮ್ಮೆಲೇ ಹೆಚ್ಚು ತಿನ್ನಿಸಿದರೆ ಅದೇ ವಿಷ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೇವನ್ನು ಕರಗಿಸುವವು ಸೂಕ್ಷ್ಮಜೀವಿಗಳು. ಕಾಳಿನ ಪಿಷ್ಟದಿಂದ ಅಲ್ಲಿ ಆಮ್ಲವೇರಿ ಅವು ನಾಶವಾಗುತ್ತವೆ. ಕರುಳುಬೇನೆಯೂ ಇಂತಹ ಹೊತ್ತಿನಲ್ಲಿಯೇ ಎರಗುತ್ತದೆ. ಕಾಳು ಉದುರಿದ ಕಣದತ್ತ ನುಗ್ಗುವ ಹಿಂಡನ್ನು ಅನುಭವಿ ಕುರಿಗಾಹಿಯು ಕೋಲಡ್ಡ ಹಿಡಿದು ತಡೆಯುವುದು ಜಿಪುಣತನದಿಂದಲ್ಲ. ಮಳೆ ಕೈಕೊಟ್ಟು ಕುಂಠಿತವಾದ, ಹೂ ಬಿಡದ ಎಳೆಯ ಜೋಳವೂ ಅಷ್ಟೇ ಅಪಾಯಕಾರಿ. ಅದರಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಬೆಳೆದು ಒಣಗಿದ ಕಣಿಕೆಯಲ್ಲಿ ಆ ಭಯ ಕಡಿಮೆ. ರಸಾಯನಶಾಸ್ತ್ರದ ಹೆಸರು ಕೇಳದವರೂ ಇದನ್ನು ಅರಿತಿದ್ದರು.

ಗಬ್ಬದ ಕಾಲ ಸುಮಾರು 150 ದಿನ. ಹುಟ್ಟಿದ ಮರಿಗೆ ಮೊದಲ ಒಂದು ಗಂಟೆಯೊಳಗೆ ಗಿಣ್ಣದ ಹಾಲು ದೊರೆಯಬೇಕು. ರೋಗವನ್ನು ತಡೆಯುವ ಶಕ್ತಿಯು ಮರಿಗೆ ಗರ್ಭದಲ್ಲಿ ಬಾರದೆ ಈ ಹಾಲಿನಿಂದಲೇ ಬರುತ್ತದೆ. ಗೊಲ್ಲಾಳನ ತಂದೆಯ ಸಿಟ್ಟನ್ನು ಅರ್ಥಮಾಡಿಕೊಳ್ಳಲು ಇದನ್ನೂ ನೆನೆಯಬೇಕು. ಆಡಿನ ಹಾಲು ಹೇರಳವಲ್ಲ. ಅವಳಿ ಮರಿಗಳಿಗೆ ಕುಡಿಸಿ ಉಳಿದುದಷ್ಟೇ ಮನೆಗೆ. ಅಂತಹ ಹಾಲನ್ನು ಮಗನು ಹಿಕ್ಕೆಯ ಮೇಲೆರೆದರೆ ಬಡ ಪಶುಪಾಲಕನು ಸುಮ್ಮನಿರುವುದೆಂತು? ಪುರಾಣವು ತಂದೆಯನ್ನು ಖಳನನ್ನಾಗಿ ಮಾಡಿದೆ. ಚರಿತ್ರೆಯು ಅಷ್ಟು ಅವಸರಪಡಬೇಕಾಗಿಲ್ಲ.

ದನಗಾಹಿಗಳ ಕಾಯಕಕ್ಕೆ ಕಲ್ಯಾಣದಲ್ಲಿ ತುರುಗಾಹಿ ರಾಮಣ್ಣನು ಸಾಕ್ಷಿ. 'ಗೋಪತಿನಾಥ ವಿಶ್ವೇಶ್ವರಲಿಂಗ' ಎಂಬ ಅಂಕಿತದಲ್ಲಿಯೇ ಆತನ ವೃತ್ತಿಯ ನೆರಳಿದೆ. ತುರುವೆಂದರೆ ಅಂದು ಸಂಪತ್ತು. ತುರುಗಳನ್ನು ಕವರಿದವರೊಡನೆ ಹೋರಾಡಿ ಮಡಿದವರ ವೀರಗಲ್ಲುಗಳು ನಾಡಿನುದ್ದಕ್ಕೂ ನಿಂತಿವೆ.

ಆಡಿನ ಪಾಲಿಗೆ ಇಂತಹ ಗೌರವ ಎಂದೂ ಬರಲಿಲ್ಲ. ಅದಕ್ಕೆ ಒದಗಿದ್ದು ಯಜ್ಞದ ಕಂಬ ಮತ್ತು ಹರಕೆಯ ಕತ್ತಿ. ಬಸವಣ್ಣನವರು ಬಲಿಗೆ ನಿಂತ ಹೋತವನ್ನೇ ಕರೆದು, ವೇದವನ್ನೋದಿದವರ ಮುಂದೆ ಅಳು ಎಂದು ಹೇಳಿದ ವಚನವು ಪ್ರಸಿದ್ಧವಾಗಿದೆ. ಇಲ್ಲಿಯೇ ಭಕ್ತನನ್ನು ಕಾಡುವ ಪ್ರಶ್ನೆಯೂ ಇದೆ. ಆಡು ಸಾಕುವವನ ಹೆಣ್ಣುಮರಿಗಳು ಹಿಂಡಿನಲ್ಲಿ ಉಳಿಯುತ್ತವೆ. ಒಂದೆರಡನ್ನು ಬಿಟ್ಟು ಉಳಿದ ಗಂಡುಮರಿಗಳು ಸಂತೆಗೆ ಹೋಗುತ್ತವೆ. ಸಂತೆಯಿಂದ ಎಲ್ಲಿಗೆಂಬುದು ಎಲ್ಲರಿಗೂ ಗೊತ್ತು. ಗೊಲ್ಲಾಳನ ಹಿಂಡಿನ ಹೋತಗಳು ಏನಾದವೆಂದು ಕಥೆ ಹೇಳುವುದಿಲ್ಲ. ದಯೆಯೇ ಧರ್ಮದ ಬುಡವೆಂದು ಸಾರಿದ ಪರಂಪರೆಯು ಈ ಕುರಿಗಾಹಿಯನ್ನು ಹೊರಗಿಡದೆ ಶರಣನೆಂದು ಒಪ್ಪಿಕೊಂಡಿತು ಎಂಬುದಂತೂ ಸತ್ಯ. ಆ ಒಪ್ಪಿಗೆಯ ಹಿರಿಮೆಯನ್ನೂ ಅದರೊಳಗಿನ ತೊಡಕನ್ನೂ ವ್ಯಾಖ್ಯಾನಕಾರರು ಹೆಚ್ಚಾಗಿ ಮುಟ್ಟದೆ ದಾಟಿಬಿಡುತ್ತಾರೆ.

ಮುಂದಿನ ಶತಮಾನಗಳು ಮೇಯುವ ಪ್ರಾಣಿಗೆ ಕಠಿಣವಾದವು. 1876–78ರ ಬರವು ಅಂದಿನ ಕಲಾದಗಿ ಜಿಲ್ಲೆಯನ್ನು, ಎಂದರೆ ಇಂದಿನ ವಿಜಯಪುರ ಬಾಗಲಕೋಟೆಗಳ ಸೀಮೆಯನ್ನು, ಜನ ಜಾನುವಾರುಗಳೆನ್ನದೆ ಬರಿದುಮಾಡಿತು. ಬರ ತೀರುವ ಹೊತ್ತಿಗೆ, 1878ರಲ್ಲಿ, ಬ್ರಿಟಿಷ್ ಸರಕಾರದ ಅರಣ್ಯ ಕಾಯಿದೆ ಬಂದಿತು. ಕಾಯ್ದಿಟ್ಟ ಕಾಡುಗಳಲ್ಲಿ ಮೇಯಿಸುವುದು ಅಪ್ಪಣೆಗೂ ಶುಲ್ಕಕ್ಕೂ ಒಳಪಟ್ಟಿತು. ಸಸಿಯ ಕುಡಿ ಚಿವುಟುವ ಆಡನ್ನಂತೂ ಅರಣ್ಯಾಧಿಕಾರಿಗಳು ಕಾಡಿನ ವೈರಿಯೆಂದೇ ಎಣಿಸಿದರು. ಸ್ವಾತಂತ್ರ್ಯಾನಂತರ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ ಅಡಿಯಲ್ಲಿ ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ, ಎಂದರೆ ಸುಮಾರು 30 ಎಕರೆ, ಗೋಮಾಳವನ್ನು ಕಾಯ್ದಿಡಬೇಕೆಂಬ ನಿಯಮವಾಯಿತು. ನಿಯಮ ಪುಸ್ತಕದಲ್ಲಿ ಉಳಿಯಿತು; ಗೋಮಾಳಗಳು ಒತ್ತುವರಿಯಲ್ಲಿ, ಮಂಜೂರಾತಿಯಲ್ಲಿ ಕರಗಿದವು.

ಇಷ್ಟಾದರೂ ಹಿಂಡುಗಳು ಅಳಿದಿಲ್ಲ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳೂ 62 ಲಕ್ಷದಷ್ಟು ಆಡುಗಳೂ ಎಣಿಕೆಗೆ ಬಂದವು. ಕಲ್ಯಾಣದ ಸುತ್ತಿನ ಬೀದರಿ ಆಡು, ಗಡಿಯಾಚೆಯಿಂದ ಹಬ್ಬಿದ ಉಸ್ಮಾನಾಬಾದಿ ಆಡು, ದಕ್ಷಿಣದ ನಂದಿದುರ್ಗದ ಆಡು ಇವೆಲ್ಲ ಆಯಾ ಸೀಮೆಯ ಬಿಸಿಲಿಗೂ ಕುರುಚಲಿಗೂ ಹೊಂದಿಕೊಂಡ ತಳಿಗಳು. ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಎರೆಸೀಮೆಗೆ ಈಗಲೂ ಕುರಿಗಾಹಿಗಳು ಬರುತ್ತಾರೆ. ಚೀಲದ ಗೊಬ್ಬರದ ಬೆಲೆ ಏರಿದ ವರ್ಷ ಅವರನ್ನು ತಮ್ಮ ಹೊಲಕ್ಕೆ ಕರೆಯುವವರೂ ಹೆಚ್ಚಾಗುತ್ತಾರೆ. ಇಷ್ಟು ರಾತ್ರಿಗೆ ಇಷ್ಟು ಜೋಳ, ಇಷ್ಟು ಹಣ ಎಂದು ಹೊಲದ ಬದುವಿನಲ್ಲಿಯೇ ಮಾತು ನಡೆಯುತ್ತದೆ. ಕತ್ತಲಾಗುವುದರೊಳಗೆ ಬಲೆಯ ಬೇಲಿ ಸುತ್ತಿ ಹಿಂಡನ್ನು ಕೂಡುತ್ತಾರೆ.